ಪಾಠಕ್ಕೆ ನಾಟಕ: 42 ಮಕ್ಕಳು, 40 ನಿಮಿಷ, ವೇದಿಕೆ ಇಲ್ಲ. ಹೇಗೆ?

ಕೊನೆಬೆಂಚು (ಪ್ರಶ್ನೆ)

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 7ನೇ ತರಗತಿ. 42 ಮಕ್ಕಳು, 40 ನಿಮಿಷದ ಪೀರಿಯಡ್, 20 ಅಡಿಗೆ 25 ಅಡಿಯ ಕೊಠಡಿ. ಅದರಲ್ಲಿ ಅರ್ಧ ಜಾಗ ಡೆಸ್ಕುಗಳಿಗೇ ಹೋಗಿದೆ. ಪಕ್ಕದ ತರಗತಿಗೂ ಇದಕ್ಕೂ ನಡುವೆ ಅರ್ಧಗೋಡೆ ಮಾತ್ರ.

ವಾರ್ಷಿಕೋತ್ಸವದ ನಾಟಕದ ಬಗ್ಗೆ ಕೇಳುತ್ತಿಲ್ಲ, ಪ್ರತಿಭಾ ಕಾರಂಜಿಯ ತಯಾರಿಯೂ ಅಲ್ಲ. ಪಾಠವನ್ನೇ ನಾಟಕದ ಮೂಲಕ ಮಾಡುವ ಬಗ್ಗೆ ಕೇಳುತ್ತಿದ್ದೇನೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನಲ್ಲೂ 2020ರ ಶಿಕ್ಷಣ ನೀತಿಯಲ್ಲೂ ಕಲೆಯನ್ನು ಕಲಿಕೆಯ ಒಳಗೆ ತನ್ನಿ ಎಂದು ಬರೆದಿದೆ. ಹೇಗೆ ಎಂಬ ಮಾತು ಬಂದಾಗ ಮಾತ್ರ ‘ಪಾಠದ ಸಂಭಾಷಣೆಯನ್ನು ಮಕ್ಕಳಿಂದ ಓದಿಸಿ’ ಎನ್ನುವಲ್ಲಿಗೆ ನಿಂತುಬಿಡುತ್ತದೆ. ಹಾಗೆ ಓದಿಸಿದರೆ ಆಗುವುದು ಗೊತ್ತೇ ಇದೆ: ಐದು ಜನ ಪುಸ್ತಕ ಹಿಡಿದು ಕೈ ಆಡಿಸುತ್ತಾರೆ, 37 ಜನ ನೋಡುತ್ತಾರೆ, ಹತ್ತು ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಬೇರೆಯೇ ನಾಟಕ ಶುರುವಾಗಿರುತ್ತದೆ.

ಬೇಕಾಗಿರುವುದು ಇಷ್ಟು. ಸಮಾಜ ವಿಜ್ಞಾನದಲ್ಲಿ ನೀರು, ಕೆರೆ, ಪಂಚಾಯಿತಿ ಇವುಗಳಿಗೆ ಎಲ್ಲ 42 ಮಕ್ಕಳೂ ಒಳಗೊಳ್ಳುವ ಒಂದು ವಿಧಾನ. ಕನ್ನಡ ಪದ್ಯಕ್ಕೆ ಇನ್ನೊಂದು. ಅರಿವು ಕೇಂದ್ರದಲ್ಲಿ (ಗ್ರಾಮ ಪಂಚಾಯಿತಿಯ ಗ್ರಂಥಾಲಯ) ಶನಿವಾರ ಸೇರುವ 6ರಿಂದ 14 ವರ್ಷದ ಮಕ್ಕಳಿಗೆ ಇದೇ ನಡೆಯುತ್ತದೆಯೇ? ಕೊನೆಗೆ, ಇದಕ್ಕೆಲ್ಲ ಅಂಕ ಕೊಡುವುದು ಹೇಗೆ?

---

ತೂಬಿನ ಕಲ್ಲು

ಕೆರೆಯಿಂದ ಶುರು ಮಾಡಿ. ಅಲ್ಲಿ ಜಗಳ ಆಗಲೇ ಇದೆ, ನೀವು ಹುಟ್ಟಿಸಬೇಕಾಗಿಲ್ಲ. ಮೂರು ಪೀರಿಯಡ್ ಸಾಕು. ಪಾಠವನ್ನು ಮೊದಲು ಓದಿಸಿ ಆಮೇಲೆ ನಾಟಕ ಮಾಡಿಸುವುದು ಬೇಡ. ಉತ್ತರ ಮೊದಲೇ ಗೊತ್ತಿದ್ದರೆ ಮಕ್ಕಳು ಅದನ್ನು ಒಪ್ಪಿಸುತ್ತಾರೆ, ಯೋಚಿಸುವುದಿಲ್ಲ. ನಾಟಕ ಮೊದಲು, ಪುಸ್ತಕ ಆಮೇಲೆ.

ಸಾಮಾನು: ಹುಣಸೆ ಬೀಜ 100 (ಎಣಿಸಿ ತನ್ನಿ, 97 ಇದ್ದರೆ ಲೆಕ್ಕ ಕೆಡುತ್ತದೆ), 10 ಮೀಟರ್ ಹಗ್ಗ, ಒಂದು ಟವೆಲ್, ಒಂದು ಕಂಜಿರ ಅಥವಾ ಸ್ಟೀಲ್ ತಟ್ಟೆ, ಹತ್ತು ಹಾಳೆ. ಪ್ರತಿ ಹಾಳೆಯಲ್ಲಿ ಆರು ಚೌಕ.

ಮೊದಲ ಎರಡು ನಿಮಿಷ ನಿಲ್ಲಿಸುವ ಸದ್ದಿಗೇ ಮೀಸಲಿಡಿ. ಕಂಜಿರಕ್ಕೆ ಒಂದು ಪೆಟ್ಟು ಬಿದ್ದರೆ ಎಲ್ಲರೂ ಇದ್ದ ಹಾಗೇ ಕಲ್ಲಾಗಬೇಕು. ಮೂರು ಸಲ ಅಭ್ಯಾಸ ಮಾಡಿಸಿ, ಮೂರನೆಯ ಸಲ ಬೇಕೆಂದೇ ಗಲಾಟೆ ಮಾಡಿಸಿ ನಿಲ್ಲಿಸಿ. ಇದನ್ನು ಬಿಟ್ಟು ಮುಂದೆ ಹೋದವರಿಗೆ ಇಪ್ಪತ್ತನೇ ನಿಮಿಷದಲ್ಲಿ ತರಗತಿ ಕೈಗೆ ಸಿಗುವುದಿಲ್ಲ, ಆಮೇಲೆ ‘ನಾಟಕ ಮಾಡಿದರೆ ಶಿಸ್ತು ಹೋಗುತ್ತದೆ’ ಎಂದು ನಾಟಕಕ್ಕೇ ಬೈಗುಳ.

ಮೊದಲ ಪೀರಿಯಡ್: ಮಕ್ಕಳೇ ಮೈಯಿಂದ ಕೆರೆ ಕಟ್ಟುತ್ತಾರೆ. ಏರಿ (ಕೆರೆಯ ಮಣ್ಣಿನ ಕಟ್ಟೆ), ತೂಬು (ಕಾಲುವೆಗೆ ನೀರು ಬಿಡುವ ಬಾಗಿಲು), ಕೋಡಿ (ಹೆಚ್ಚಾದ ನೀರು ಹೊರಹೋಗುವ ದಾರಿ), ಕಾಲುವೆ, ಅಚ್ಚುಕಟ್ಟು (ಕೆರೆಯ ನೀರು ಉಣ್ಣುವ ಜಮೀನು), ಹೂಳು, ಹೀಗೆ ಆರು ಗುಂಪು, ತಲಾ ಏಳು ಜನ. ಪ್ರತಿ ಗುಂಪು ತನ್ನ ಭಾಗದ ಸ್ತಬ್ಧಚಿತ್ರ ಮಾಡಬೇಕು. ಯೋಚಿಸಲು ಮೂರು ನಿಮಿಷ, ತೋರಿಸಲು ಮೂವತ್ತು ಸೆಕೆಂಡು. ನೋಡುವವರು ‘ಇದು ಏನು’ ಎಂದು ಹೇಳುವುದಷ್ಟೇ ಸಾಲದು, ‘ಇದು ಇಲ್ಲದಿದ್ದರೆ ಏನಾಗುತ್ತದೆ’ ಎಂದೂ ಹೇಳಬೇಕು. ಕೋಡಿಯ ಗುಂಪಿನ ಹತ್ತಿರ ಸ್ವಲ್ಪ ಹೆಚ್ಚು ನಿಲ್ಲಿ. ಕೋಡಿ ಎಂದರೆ ನೀರು ಪೋಲು ಎಂದೇ ಬಹಳ ಮಕ್ಕಳ ಲೆಕ್ಕ. ಹೆಚ್ಚಾದ ನೀರಿಗೆ ಕೋಡಿಯ ದಾರಿ ಇಲ್ಲದಿದ್ದರೆ ಅದು ಮಣ್ಣಿನ ಏರಿಯ ಮೇಲೆ ಹತ್ತಿ ಹರಿಯುತ್ತದೆ, ಏರಿಯನ್ನು ಕೊರೆದು ಒಡೆಯುತ್ತದೆ. ಏರಿಯ ಗುಂಪನ್ನೂ ಕೋಡಿಯ ಗುಂಪನ್ನೂ ಪಕ್ಕಪಕ್ಕ ನಿಲ್ಲಿಸಿ ‘ಈಗ ಕೋಡಿ ಮುಚ್ಚಿದೆ’ ಎಂದರೆ ಸಾಕು, ಉಳಿದದ್ದು ಅವರೇ ಮಾಡುತ್ತಾರೆ.

ಎರಡನೇ ಪೀರಿಯಡ್: ಹಂಚಿಕೆ. ಹತ್ತು ಮನೆ, ಮನೆಗೆ ನಾಲ್ಕು ಜನ. ಉಳಿದ ಇಬ್ಬರಲ್ಲಿ ಒಬ್ಬರು ನೀರುಗಂಟಿ (ತೂಬು ಎತ್ತಿ ನೀರು ಹಂಚುವವರು), ಒಬ್ಬರು ಲೆಕ್ಕ ಬರೆಯುವವರು. ಹಗ್ಗವೇ ಕಾಲುವೆ. ಡೆಸ್ಕುಗಳನ್ನು ಗೋಡೆಗೆ ತಳ್ಳಿ, ಹಗ್ಗದ ಉದ್ದಕ್ಕೂ ಮನೆಗಳು ಸಾಲಾಗಿ ನೆಲದ ಮೇಲೆ ಕೂರಲಿ. ತೂಬಿನ ಪಕ್ಕ ಒಂದನೇ ಮನೆ, ಕೊನೆಗೆ ಹತ್ತನೇ ಮನೆ. ಯಾರು ಎಲ್ಲಿ ಎಂಬುದು ಚೀಟಿ ಎತ್ತಿಯೇ ನಿರ್ಧಾರವಾಗಬೇಕು. ಪ್ರತಿ ಮನೆಗೆ ಆರು ಎಕರೆ, ಅದೇ ಹಾಳೆಯ ಆರು ಚೌಕ. ಒಟ್ಟು 60 ಎಕರೆ ಅಚ್ಚುಕಟ್ಟು. ಕೆರೆಯಲ್ಲಿ 100 ಬೀಜ ನೀರು. ಒಂದು ಎಕರೆ ಭತ್ತಕ್ಕೆ 3 ಬೀಜ, ರಾಗಿಗೆ 1. ಭತ್ತಕ್ಕೆ ಬೆಲೆ ಹೆಚ್ಚು ಎಂದಷ್ಟೇ ಹೇಳಿ. ತೂಬಿನ ಕಡೆಯಿಂದ ಒಂದೊಂದೇ ಮನೆ ತನಗೆ ಬೇಕಾದಷ್ಟು ನೀರು ತೆಗೆದುಕೊಂಡು ಚೌಕಗಳಲ್ಲಿ ಬೆಳೆ ಬರೆಯಲಿ. ನೀವು ಬಾಯಿ ಬಿಡಬೇಡಿ.

ಈ ಸಂಖ್ಯೆಗಳನ್ನು ಬೇಕೆಂದೇ ಹೀಗೆ ಇಟ್ಟಿದೆ. ಮೊದಲ ಮೂರು ಮನೆ ಪೂರ್ತಿ ಭತ್ತ ಹಾಕಿದರೆ 54 ಬೀಜ ಖರ್ಚು, ಉಳಿದ ಏಳು ಮನೆಗೆ 46. ಎಲ್ಲರೂ ರಾಗಿ ಹಾಕಿದರೆ 42 ಸಾಕು. ಬದುಕುತ್ತಾರೆ. ನಾಲ್ಕನೇ ಮನೆಯೂ ಪೂರ್ತಿ ಭತ್ತ ಹಾಕಿತೋ, ಉಳಿಯುವುದು 28. ಆರು ಮನೆಯ ರಾಗಿಗೆ ಬೇಕಾದ್ದು 36. ಎಂಟು ಎಕರೆ ಒಣಗುತ್ತದೆ. ತಪ್ಪು ಯಾರದ್ದು, ಮೊದಲ ಮೂವರದ್ದೋ ನಾಲ್ಕನೆಯವರದ್ದೋ? ಇದೇ ಮೂರನೇ ಪೀರಿಯಡ್ಡಿನ ಪ್ರಶ್ನೆ, ಗಂಟೆ ಹೊಡೆಯುವಾಗ ಇದನ್ನು ಅಲ್ಲೇ ಬಿಟ್ಟು ಹೋಗಿ.

ಅರ್ಧಗೋಡೆಯ ಸಮಸ್ಯೆಗೆ: ಬೆಳೆ ನಿರ್ಧರಿಸುವ ಮಾತು ಪಿಸುಮಾತಿನಲ್ಲೇ ನಡೆಯಬೇಕು, ಪಕ್ಕದ ಮನೆಯವರಿಗೆ ಕೇಳಿಸಿದರೆ ಅವರು ಬೆಳೆ ಬದಲಿಸಿಬಿಡುತ್ತಾರೆ ಎನ್ನಿ. ‘ಸದ್ದು ಮಾಡಬೇಡಿ’ ಎಂಬುದಕ್ಕಿಂತ ನಾಟಕದ ಒಳಗಿನ ಕಾರಣ ಹೆಚ್ಚು ಹೊತ್ತು ನಿಲ್ಲುತ್ತದೆ.

ಮೂರನೇ ಪೀರಿಯಡ್: ಊರ ಸಭೆ. ಇಲ್ಲಿ ನೀವೂ ಒಂದು ಪಾತ್ರ. ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ (1926–2011) ತರಗತಿಯಲ್ಲಿ ಬೆಳೆಸಿದ ಮುಖ್ಯ ಸಾಧನವೇ ಇದು: ಶಿಕ್ಷಕರು ಹೊರಗೆ ನಿಂತು ನಿರ್ದೇಶಿಸುವುದಿಲ್ಲ, ಪಾತ್ರವಾಗಿ ಒಳಗೆ ಬರುತ್ತಾರೆ. ಯಾವ ಪಾತ್ರ ಎಂಬುದರಲ್ಲೇ ಎಲ್ಲ ಇದೆ. ಊರ ಯಜಮಾನ, ತಹಶೀಲ್ದಾರ್, ಅಧ್ಯಕ್ಷ ಇವು ಬೇಡ. ನೀವು ಅಧಿಕಾರದ ಪಾತ್ರ ಹಿಡಿದ ಕೂಡಲೇ ಮಕ್ಕಳು ನಿಮಗೇ ದೂರು ಹೇಳುತ್ತಾರೆ, ನೀವು ತೀರ್ಪು ಕೊಡುತ್ತೀರಿ, ತರಗತಿ ಹಳೆಯ ತರಗತಿಯೇ ಆಗುತ್ತದೆ. ಏನೂ ತಿಳಿಯದವರ ಪಾತ್ರ ಹಿಡಿಯಿರಿ: ಪಕ್ಕದೂರಿನಲ್ಲಿ ಹೊಸದಾಗಿ ಕೆರೆ ದುರಸ್ತಿಯಾಗಿದೆ, ನೀರು ಹಂಚುವುದು ಹೇಗೆಂದು ಕೇಳಿಕೊಂಡು ಹೋಗಲು ಬಂದವರು. ‘ಕೋಡಿ ಯಾಕ್ರಪ್ಪ, ಮುಚ್ಚಿಬಿಟ್ರೆ ನೀರು ಉಳಿಯಲ್ವ?’ ಎಂಬಂಥ ದಡ್ಡ ಪ್ರಶ್ನೆ ಕೇಳಿ. ಟವೆಲ್ ಹೆಗಲ ಮೇಲಿದ್ದರೆ ನೀವು ಆ ಪಾತ್ರ, ತೆಗೆದರೆ ಮೇಷ್ಟ್ರು ಅಥವಾ ಟೀಚರ್. ಈ ಗುರುತು ಬೇಕೇ ಬೇಕು. ಅದಿಲ್ಲದೆ ನಡುವೆ ‘ಏಯ್ ಸುಮ್ನಿರು’ ಎಂದರೆ ಯಾರು ಹೇಳಿದ್ದು ಎಂದು ಮಕ್ಕಳಿಗೆ ತಿಳಿಯುವುದಿಲ್ಲ.

ಸಭೆ 20 ನಿಮಿಷ ಮೀರದಿರಲಿ. ಆಮೇಲೆ ಟವೆಲ್ ತೆಗೆದು, ಎಲ್ಲರೂ ಎದ್ದು ಜಾಗ ಬದಲಿಸಿ ಕೂತು, ಏಳೆಂಟು ನಿಮಿಷ ಪಾತ್ರದ ಹೊರಗಿನ ಮಾತು. ಉಳಿದ ಸಮಯ ಬರವಣಿಗೆಗೆ. ‘ಇದರಿಂದ ನಾವು ಕಲಿತ ನೀತಿ ಏನು’ ಎಂದು ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ‘ಹಂಚಿಕೊಂಡು ಬಾಳಬೇಕು ಸಾರ್’ ಎಂದು ಒಂದೇ ಸ್ವರದಲ್ಲಿ ಬರುತ್ತದೆ, ಅಲ್ಲಿಗೆ ಯೋಚನೆ ಮುಗಿಯಿತು.

---

ಚೌಕಿಮನೆ

ಮೇಲಿನದು ಚೆನ್ನಾಗಿದೆ. ಆದರೆ ಪದ್ಯಕ್ಕೆ ಅದು ಒಗ್ಗುವುದಿಲ್ಲ. ಪದ್ಯ ಎಂದರೆ ನುಡಿ ಕಟ್ಟಿಟ್ಟದ್ದು. ಮಕ್ಕಳು ತಮಗೆ ತೋಚಿದ್ದನ್ನೆಲ್ಲ ಮಾತಾಡಿದರೆ ಪದ್ಯ ಎಲ್ಲೋ ಉಳಿದುಹೋಗುತ್ತದೆ. ಇದಕ್ಕೆ ಬೇಕಾದ ವಿಧಾನ ನಮ್ಮ ಕರಾವಳಿ, ಮಲೆನಾಡಿನಲ್ಲಿ ಸಿದ್ಧವಾಗಿಯೇ ಇದೆ: ತಾಳಮದ್ದಲೆ, ಅಂದರೆ ಯಕ್ಷಗಾನದ ಮಾತಿನ ರೂಪ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ನಡೆಯುತ್ತದೆ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಅದು ಬದಲಾಗದು. ಅರ್ಥಧಾರಿಗಳು ಆ ಪದ್ಯದ ಅರ್ಥವನ್ನು ಪಾತ್ರವಾಗಿ ನಿಂತು ಆಗಲೇ ಹುಟ್ಟಿದ ಮಾತಿನಲ್ಲಿ ಬೆಳೆಸುತ್ತಾರೆ. ಡೆಸ್ಕು ತುಂಬಿದ ಕೊಠಡಿಗೆ ಇದಕ್ಕಿಂತ ಹೊಂದುವ ನಾಟಕ ಇನ್ನೊಂದಿಲ್ಲ.

ಪುಣ್ಯಕೋಟಿಯ ಕಥೆಯನ್ನೇ ತೆಗೆದುಕೊಳ್ಳಿ. ಎಲ್ಲರಿಗೂ ಗೊತ್ತು, ಕಥೆ ಹೇಳುವ ಸಮಯ ಉಳಿಯುತ್ತದೆ. ನಾಲ್ವರು ಹಾಡುವವರು, ತಾಳಕ್ಕೆ ಎರಡು ಸ್ಟೀಲ್ ಲೋಟ ಸಾಕು. ಉಳಿದ 38 ಮಕ್ಕಳಲ್ಲಿ 19 ಜನ ಹಸುವಿನ ಪಕ್ಷ, 19 ಜನ ಹುಲಿಯ ಪಕ್ಷ, ಎದುರುಬದುರು. ಮಾತಾಡುವವರು ಒಂದು ಸಲಕ್ಕೆ ಪಕ್ಷಕ್ಕೊಬ್ಬರು. ಹಿಂದಿರುವ 18 ಜನ ಚೀಟಿಯಲ್ಲಿ ವಾದ ಬರೆದು ಮುಂದಕ್ಕೆ ದಾಟಿಸುತ್ತಾರೆ. ಒಂದೂವರೆ ನಿಮಿಷಕ್ಕೊಮ್ಮೆ ಮಾತಾಡುವವರು ಬದಲು. ಹೀಗೆ 24 ನಿಮಿಷದಲ್ಲಿ 16 ಮಕ್ಕಳು ಬಾಯಿ ಬಿಟ್ಟಿರುತ್ತಾರೆ, ಉಳಿದವರ ಚೀಟಿ ನಿಮ್ಮ ಕೈಯಲ್ಲಿರುತ್ತದೆ.

ನಿಯಮ ಮೂರೇ. ಎದುರಿನವರು ಕೊನೆಗೆ ಹೇಳಿದ ಮಾತನ್ನು ಮೊದಲು ಒಂದು ವಾಕ್ಯದಲ್ಲಿ ತಿರುಗಿ ಹೇಳಿ, ಆಮೇಲೆ ಉತ್ತರ ಕೊಡಬೇಕು. ಆಗ ಹಾಡಿದ ಪದ್ಯದಿಂದ ಕನಿಷ್ಠ ಎರಡು ಪದ ಮಾತಿನೊಳಗೆ ಬರಬೇಕು. ಕಥೆಯ ಘಟನೆ ಬದಲಿಸುವಂತಿಲ್ಲ. ಹಸು ಓಡಿಹೋಯಿತು ಎನ್ನುವಂತಿಲ್ಲ. ಮೊದಲ ನಿಯಮವೇ ಕಷ್ಟದ್ದು, ಪ್ರಯೋಜನವೂ ಅದರದ್ದೇ. ತಿರುಗಿ ಹೇಳಬೇಕಾದರೆ ಕೇಳಿಸಿಕೊಂಡಿರಬೇಕಲ್ಲ.

ಹುಲಿಯ ಪಕ್ಷವನ್ನು ಬಲಪಡಿಸುವುದು ನಿಮ್ಮ ಕೆಲಸ. ಬಿಟ್ಟರೆ ಹುಲಿ ಬರೀ ಗರ್ಜಿಸುತ್ತದೆ. ‘ಹುಲಿ ಹುಲ್ಲು ತಿನ್ನಲಾರದು, ಹಸಿದದ್ದು ಅದರ ತಪ್ಪೇ?’, ‘ಸಿಕ್ಕ ಆಹಾರವನ್ನು ಮಾತಿನ ಮೇಲೆ ಬಿಟ್ಟುಕೊಟ್ಟ ಹುಲಿಯೂ ನಂಬಿಕೆ ಇಟ್ಟಿತಲ್ಲವೇ?’ ಇಂಥ ಎರಡು ಚೀಟಿ ನೀವೇ ಬರೆದು ಹಿಂದಿನ ಸಾಲಿಗೆ ಕೊಡಿ. ತಾಳಮದ್ದಲೆಯ ರುಚಿ ಇರುವುದೇ ಇಲ್ಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿ ಪ್ರಶ್ನಿಸುವಾಗ ವಾಲಿಯ ಅರ್ಥಧಾರಿ ದುರ್ಬಲನಾದರೆ ರಾಮನ ಮಾತೂ ಸಪ್ಪೆಯಾಗುತ್ತದೆ.

ಕೆಡುವುದು ಎಲ್ಲಿ ಎಂದರೆ: ಒಂದು, ಸಿನಿಮಾ ಡೈಲಾಗ್ ನುಗ್ಗುತ್ತದೆ. ಎರಡು ಪದದ ನಿಯಮ ಅದಕ್ಕೇ. ಇನ್ನೊಂದು, ಮಗು ಮಾತಾಡುತ್ತಿರುವಾಗ ಹಕಾರ, ಅಕಾರ ತಿದ್ದುವ ಚಾಳಿ. ದಯವಿಟ್ಟು ಬೇಡ. ಉಚ್ಚಾರಣೆ ಹಾಡುವ ಭಾಗದಲ್ಲಿ ತಿದ್ದಿ, ಅಲ್ಲಿ ಎಲ್ಲರೂ ಒಟ್ಟಿಗೆ ಹಾಡುವುದರಿಂದ ಯಾರೂ ಒಬ್ಬಂಟಿಯಾಗುವುದಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಕ್ಕಳಿದ್ದರೆ ಮೊದಲ ಸುತ್ತು ಮನೆಮಾತಿನಲ್ಲೇ ನಡೆಯಲಿ, ಎರಡನೇ ಸುತ್ತು ಪುಸ್ತಕದ ಕನ್ನಡಕ್ಕೆ ಬರಲಿ. ವಾದ ಗಟ್ಟಿಯಾದ ಮೇಲೆ ಭಾಷೆ ಹುಡುಕುವುದು ಸುಲಭ.

ಉಡುಪಿಯ ಕಡೆ ಯಕ್ಷಶಿಕ್ಷಣ ಟ್ರಸ್ಟಿನ ಮೂಲಕ ಶಾಲಾ ಮಕ್ಕಳಿಗೆ ಗುರುಗಳಿಂದಲೇ ಯಕ್ಷಗಾನ ಕಲಿಸಿ ರಂಗಕ್ಕೆ ತರುತ್ತಾರೆ. ಅದು ಕಲೆಯ ಶಿಕ್ಷಣ, ಅದರ ದಾರಿ ಬೇರೆ. ತಿಂಗಳುಗಟ್ಟಲೆ ಅಭ್ಯಾಸ ಬೇಕು. ಇಲ್ಲಿ ಕೇಳಿರುವುದಕ್ಕೆ ತಾಳಮದ್ದಲೆಯ ಚೌಕಟ್ಟನ್ನಷ್ಟೇ ತೆಗೆದುಕೊಂಡರೆ ಸಾಕು.

---

ಕೊನೆಬೆಂಚು

ಇಬ್ಬರಿಗೂ ವಂದನೆ. ತೂಬಿನ ಕಲ್ಲು ಅವರಿಗೆ ಎರಡು ಮರುಪ್ರಶ್ನೆ. ತೂಬಿನ ಪಕ್ಕದ ಮನೆಗಳು ‘ಕೊಡಲ್ಲ, ಏನ್ಮಾಡ್ತೀರಾ’ ಎಂದು ಪಟ್ಟು ಹಿಡಿದರೆ? ಮಕ್ಕಳಲ್ಲವೇ, ಆಟವೆಂದರೆ ಗೆಲ್ಲುವುದು. ಇನ್ನೊಂದು: ಹಾಜರಾತಿ ಯಾವಾಗಲೂ 42 ಇರುವುದಿಲ್ಲ. 35 ಬಂದರೆ ಲೆಕ್ಕ ಬದಲಿಸಬೇಕೇ?

---

ತೂಬಿನ ಕಲ್ಲು

ಹಾಜರಾತಿಯದ್ದು ಸುಲಭ. ಮನೆ ಹತ್ತೇ ಇರಲಿ, ಎಕರೆ ಆರೇ ಇರಲಿ. ಮನೆಯೊಳಗಿನ ಜನ ಮೂವರಾದರೂ ನಡೆಯುತ್ತದೆ. ಮನೆಗಳ ಸಂಖ್ಯೆ ಮಾತ್ರ ಕಡಿಮೆ ಮಾಡಬೇಡಿ, ಕಡಿಮೆ ಮಾಡಿದಷ್ಟೂ 100 ಬೀಜ ಹೆಚ್ಚು ಮನೆಗೆ ಸಾಕಾಗಿ ಜಗಳ ಸಡಿಲವಾಗುತ್ತದೆ.

ಪಟ್ಟು ಹಿಡಿದರೆ ಒಳ್ಳೆಯದೇ. ಉಪದೇಶ ಮಾಡಬೇಡಿ, ಕಾಲ ಮುಂದಕ್ಕೆ ಓಡಿಸಿ. ಕಂಜಿರಕ್ಕೆ ಒಂದು ಪೆಟ್ಟು: ‘ಕೊಯ್ಲು ಮುಗಿಯಿತು. ಈಗ ಬೇಸಿಗೆ. ಕೆರೆ ಬತ್ತಿದೆ.’ ಲೆಕ್ಕ ಬರೆಯುವವರು ಯಾರ ಮನೆಗೆ ಎಷ್ಟು ಬೆಳೆ ಎಂದು ಓದಲಿ. ಆಮೇಲೆ ಹೊಸ ಸುದ್ದಿ: ಹೂಳು ತುಂಬಿದೆ, ಏರಿಯಲ್ಲಿ ಒಂದು ಕಡೆ ಜಿನುಗು ಕಂಡಿದೆ. ಮಳೆಗೆ ಮೊದಲು ಸರಿಪಡಿಸಲು 30 ಆಳು ಬೇಕು. ತಲೆಭಾಗದ ನಾಲ್ಕು ಮನೆಯಲ್ಲಿರುವುದು 16 ಜನ. ಸರಿಪಡಿಸದಿದ್ದರೆ ಮುಂದಿನ ವರ್ಷ ಕೆರೆಯಲ್ಲಿ 100ರ ಬದಲು 60 ಬೀಜ. ಕೊನೆಭಾಗದವರು ಬರುತ್ತಾರೆಯೇ? ಯಾವ ಷರತ್ತಿನ ಮೇಲೆ? ಈಗ ಕೇಳುವ ಸರದಿ ತಲೆಭಾಗದವರದ್ದು.

ಇದು ನಾಟಕಕ್ಕಾಗಿ ಕಟ್ಟಿದ ತಿರುವಲ್ಲ, ಕೆರೆ ನೀರಾವರಿಯ ಒಳಗುಟ್ಟೇ ಇದು. ಏರಿ ಕಾಯುವುದು, ಹೂಳೆತ್ತುವುದು ಒಂದಿಬ್ಬರಿಂದ ಆಗುವ ಕೆಲಸವಲ್ಲವಾದ್ದರಿಂದಲೇ ನೀರು ಹಂಚುವ ಕಟ್ಟಳೆಗಳು ಹುಟ್ಟಿದ್ದು. ಎತ್ತಿದ ಹೂಳು ಹೊಲಕ್ಕೆ ಗೊಬ್ಬರವೂ ಹೌದು. ‘ಹೂಳು ಯಾರ ಹೊಲಕ್ಕೆ?’ ಎಂದು ಯಾವುದಾದರೂ ಮನೆ ಕೇಳಿದರೆ ಚೌಕಾಸಿಗೆ ಇನ್ನೊಂದು ಸರಕು ಸಿಕ್ಕಿತು.

ಎಲ್ಲ ಮನೆಗೂ ಸಮಪಾಲು ಎಂದು ಒಪ್ಪಿದರೆ ಮನೆಗೆ ಹತ್ತು ಬೀಜ: ಎರಡು ಎಕರೆ ಭತ್ತ, ನಾಲ್ಕು ಎಕರೆ ರಾಗಿ, ಸರಿಯಾಗಿ ಹತ್ತು. ಇದನ್ನು ನೀವು ಹೇಳಬೇಡಿ. ಬೇರೆ ಒಪ್ಪಂದಗಳೂ ಬರುತ್ತವೆ: ಸರದಿಯ ಮೇಲೆ ವರ್ಷಕ್ಕೆ ಮೂರೇ ಮನೆ ಭತ್ತ, ಭತ್ತ ಬೆಳೆದವರು ಉಳಿದವರಿಗೆ ಪಾಲು, ಹೀಗೆ. ಲೆಕ್ಕಕ್ಕೆ ಕೂರುವ ಯಾವ ಒಪ್ಪಂದವೂ ಸರಿ. ಮಕ್ಕಳ ತೀರ್ಮಾನ ಆದ ಮೇಲೆ ಶ್ರೀಲಂಕಾದ ಬೆತ್ಮ ಪದ್ಧತಿಯ ಬಗ್ಗೆ ಹೇಳಬಹುದು: ನೀರು ಕಡಿಮೆಯಾದ ವರ್ಷ ಕೆರೆಗೆ ಹತ್ತಿರದ ಗದ್ದೆಯನ್ನಷ್ಟೇ ಬಿತ್ತಿ, ಅದನ್ನು ಎಲ್ಲ ಹಿಡುವಳಿದಾರರಿಗೂ ಆ ಹಂಗಾಮಿಗೆ ಪಾಲು ಮಾಡುತ್ತಾರೆ. ತಲೆಭಾಗದ ಮಕ್ಕಳು ‘ನಮ್ಮ ಗದ್ದೆ ಅವರಿಗಾ!’ ಎಂದು ಕಣ್ಣರಳಿಸುವುದು ಖಂಡಿತ. ಮೊದಲೇ ಹೇಳಿದರೆ ಅದನ್ನೇ ನಕಲು ಮಾಡುತ್ತಾರೆ.

---

ಅರಳಿಕಟ್ಟೆ

ತೂಬಿನ ಕಲ್ಲು ಅವರ ವಿಧಾನಕ್ಕೆ ಒಂದು ತಕರಾರು, ಸಣ್ಣದಲ್ಲ. ನೀರುಗಂಟಿ ಪಾತ್ರವನ್ನು ಒಬ್ಬ ಮಗುವಿಗೆ ಕೊಡುವುದು. ನಮ್ಮ ಬಹಳ ಊರುಗಳಲ್ಲಿ ನೀರುಗಂಟಿ ಕೆಲಸ ದಲಿತ ಕುಟುಂಬಗಳಿಗೆ ವಂಶಪಾರಂಪರ್ಯವಾಗಿ ಬಂದದ್ದು, ಮಕ್ಕಳಿಗೂ ಅದು ಗೊತ್ತು. ಚೀಟಿ ಎತ್ತಿದರೂ ಆ ಮನೆಯ ಮಗುವಿನ ಕೈಗೇ ಅದು ಬಂದರೆ ತರಗತಿಯಲ್ಲಿ ಏಳುವ ನಗು ನಾಟಕದ್ದಲ್ಲ. ಆದ್ದರಿಂದ ಆ ಪಾತ್ರವನ್ನು ಪ್ರತಿ ಎರಡು ಮನೆಗೊಮ್ಮೆ ಬದಲಿಸಿ, ಐದು ಮಕ್ಕಳಾದರೂ ಅದನ್ನು ಮಾಡಲಿ. ನೀರುಗಂಟಿಗೆ ನಿಜವಾದ ಅಧಿಕಾರವೂ ಇರಲಿ: ಅವರು ತೂಬು ಎತ್ತದೆ ಯಾರಿಗೂ ಬೀಜ ಇಲ್ಲ. ಊರಿಗೆ ಕಲ್ಪಿತ ಹೆಸರು, ಮನೆಗಳಿಗೆ ಮರದ ಹೆಸರು: ಹೊಂಗೆ ಮನೆ, ಬೇವಿನ ಮನೆ, ಅತ್ತಿ ಮನೆ. ಕುಲ ಸೂಚಿಸುವ ಹೆಸರು, ಊರಲ್ಲಿ ನಿಜವಾಗಿ ಇರುವ ಮನೆತನದ ಹೆಸರು ಎರಡೂ ಬೇಡ. ಮನೆಯೊಳಗೆ ‘ಯಜಮಾನ’ ಯಾರೆಂದು ಬಿಟ್ಟುಬಿಟ್ಟರೆ ಹುಡುಗನೇ ಆಗುತ್ತಾನೆ. ಬೀಜ ಹಿಡಿಯುವ ಕೈ ಪ್ರತಿ ಸುತ್ತಿಗೂ ಬದಲಾಗಬೇಕು ಎಂಬ ನಿಯಮ ಸಾಕು.

ಇನ್ನು ಅರಿವು ಕೇಂದ್ರದ ಶನಿವಾರ. 6ರಿಂದ 14 ಎಂದರೆ ಒಂದೇ ಗುಂಪಲ್ಲ, ಎರಡು. ಒಂಬತ್ತರ ಒಳಗಿನವರಿಗೆ ಚರ್ಚೆ, ಸಭೆ ಹಿಡಿಸದು. ಅವರಿಗೆ ಸದ್ದಿನ ಕಥೆ ಕೊಡಿ: ಮಳೆ (ಬೆರಳಲ್ಲಿ ಅಂಗೈ ತಟ್ಟುವುದು, ಎರಡು ಬೆರಳು, ನಾಲ್ಕು, ಪೂರ್ತಿ ಕೈ), ಗಾಳಿ, ಬಾಗಿಲು, ಬಸ್ಸು. ಕಥೆ ಹೇಳುವವರು ನಿಲ್ಲಿಸಿದಲ್ಲಿ ಮಕ್ಕಳು ಮೈಯಲ್ಲಿ ಆ ಜಾಗವನ್ನು ಕಟ್ಟಬೇಕು. ಹದಿನೈದು ನಿಮಿಷಕ್ಕಿಂತ ಹೆಚ್ಚು ಎಳೆಯಬೇಡಿ. ದೊಡ್ಡ ಮಕ್ಕಳ ದೃಶ್ಯಕ್ಕೆ ಇವರೇ ಹಿನ್ನೆಲೆ ಸದ್ದು, ಹಾಗಾಗಿ ಕೆಲಸವಿಲ್ಲದೆ ಕೂರುವುದಿಲ್ಲ. 25 ಮಕ್ಕಳಿಗೆ ಇಬ್ಬರು ದೊಡ್ಡವರಿರಬೇಕು, ಅವಧಿ 90 ನಿಮಿಷ.

ಹತ್ತು ದಾಟಿದವರಿಗೆ ಬ್ರೆಜಿಲಿನ ಅಗಸ್ಟೊ ಬೋಲ್ (1931–2009) 1970ರ ದಶಕದಲ್ಲಿ ರೂಪಿಸಿದ ಫೋರಮ್ ಥಿಯೇಟರ್ (ನೋಡುವವರೇ ಎದ್ದು ಬಂದು ಕಥೆಯನ್ನು ಬದಲಿಸಲು ಯತ್ನಿಸುವ ನಾಟಕ) ಹೊಂದುತ್ತದೆ. ನಮ್ಮಲ್ಲಿ 1975ರಲ್ಲಿ ಹುಟ್ಟಿದ ‘ಸಮುದಾಯ’ ರಂಗತಂಡದ ಬೀದಿನಾಟಕಗಳಿವೆ, ಸಾಕ್ಷರತಾ ಆಂದೋಲನದ ಕಲಾಜಾಥಾಗಳು ಊರೂರು ತಿರುಗಿವೆ. ಅವು ಸಾವಿರ ಜನಕ್ಕೆ ಒಂದು ಮಾತು ಮುಟ್ಟಿಸುವ ನಾಟಕ, ಆ ಕೆಲಸವನ್ನು ಚೆನ್ನಾಗಿಯೇ ಮಾಡಿದವು. 25 ಮಕ್ಕಳ ಕೊಠಡಿಗೆ ಅದೇ ಅಚ್ಚು ತಂದರೆ ಕೊನೆಯ ಹಾಡಿನಲ್ಲಿ ಉತ್ತರ ಸಿದ್ಧವಾಗಿಯೇ ಇರುತ್ತದೆ, ಮಕ್ಕಳು ಚಪ್ಪಾಳೆ ತಟ್ಟಿ ಹೊರಡುತ್ತಾರೆ. ಫೋರಮ್‌ನಲ್ಲಿ ನಾಟಕ ಕೆಟ್ಟದಾಗಿ ಮುಗಿಯುತ್ತದೆ, ಬೇಕೆಂದೇ.

ಆರೇಳು ನಿಮಿಷದ ದೃಶ್ಯ. ಉದಾಹರಣೆಗೆ: ಎಂಟನೇ ತರಗತಿಗೆ ಪಕ್ಕದೂರಿಗೆ ಹೋಗಬೇಕು, ಮನೆಯಲ್ಲಿ ‘ಸಾಕು ಓದಿದ್ದು’ ಎನ್ನುತ್ತಾರೆ. ಅಪ್ಪ, ಅಜ್ಜಿ, ಬಸ್ಸಿನ ಕಂಡಕ್ಟರ್, ಗೆಳತಿ, ಆ ಹುಡುಗಿ, ಐದು ಪಾತ್ರ. ಹುಡುಗಿ ಸೋಲುತ್ತಾಳೆ. ಒಮ್ಮೆ ಪೂರ್ತಿ ತೋರಿಸಿ. ಎರಡನೇ ಸಲ ಆಡುವಾಗ ಯಾರು ಬೇಕಾದರೂ ಚಪ್ಪಾಳೆ ತಟ್ಟಿ ನಿಲ್ಲಿಸಿ ಹುಡುಗಿಯ ಜಾಗಕ್ಕೆ ಬರಬಹುದು. ಅಪ್ಪನ ಜಾಗಕ್ಕೆ ಬರುವಂತಿಲ್ಲ. ಈ ನಿಯಮ ಸಡಿಲವಾದರೆ ಮೊದಲು ಎದ್ದ ಮಗು ಅಪ್ಪನಾಗಿ ‘ಸರಿ ಮಗಳೇ, ಹೋಗು’ ಎಂದುಬಿಡುತ್ತದೆ, ಸಮಸ್ಯೆ ಮಾಯವಾಗುತ್ತದೆ. ಅಪ್ಪನಾಗಿ ಆಡುವವರೂ ಸುಲಭವಾಗಿ ಬಗ್ಗಬಾರದು, ಮನಸ್ಸಿಗೆ ನಿಜವಾಗಿ ತಟ್ಟುವ ಮಾತು ಬಂದಾಗಲಷ್ಟೇ ಸ್ವಲ್ಪ ಸಡಿಲವಾಗಬೇಕು. ಇದನ್ನು ಆ ಪಾತ್ರಧಾರಿಗೆ ಬೇರೆಯಾಗಿ ಕೂರಿಸಿ ಹೇಳಿ, ಮೂರ್ನಾಲ್ಕು ಎದುರುತ್ತರಗಳನ್ನು ಮೊದಲೇ ಸಿದ್ಧಮಾಡಿಕೊಳ್ಳಲಿ. ಸೂತ್ರಧಾರರು ಪ್ರತಿ ಪ್ರಯತ್ನದ ನಂತರ ‘ಇದು ನಮ್ಮೂರಲ್ಲಿ ನಡೆಯುತ್ತದಾ?’ ಎಂದು ಕೇಳಬೇಕು, ಸರಿ ತಪ್ಪು ಹೇಳಬಾರದು.

ಎಚ್ಚರಿಕೆ: ಆ ವಾರ ಆ ಊರಿನ ಒಂದು ಮನೆಯಲ್ಲಿ ನಡೆಯುತ್ತಿರುವ ವಿಷಯವನ್ನು ಎತ್ತಿಕೊಳ್ಳಲೇಬೇಡಿ. ಕೂತ ಮಕ್ಕಳಲ್ಲಿ ಒಬ್ಬಳ ಮನೆಯ ಕಥೆಯನ್ನು 24 ಜನ ಆಡಿದಂತಾಗುತ್ತದೆ. ಯಾವುದಾದರೂ ಮಗು ಪಾತ್ರ ಬಿಟ್ಟು ತನ್ನದೇ ನೋವು ಹೇಳತೊಡಗಿದರೆ ಎಲ್ಲರೆದುರು ಕೆದಕಬೇಡಿ. ದೃಶ್ಯ ನಿಲ್ಲಿಸಿ, ಇನ್ನೊಬ್ಬರು ಉಳಿದ ಮಕ್ಕಳನ್ನು ಆಟಕ್ಕೆ ಕರೆದೊಯ್ಯಲಿ (ಇಬ್ಬರು ದೊಡ್ಡವರು ಬೇಕು ಎಂದದ್ದು ಇದಕ್ಕೂ ಹೌದು), ನೀವು ಆ ಮಗುವಿನ ಮಾತು ಕೇಳಿಸಿಕೊಳ್ಳಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ 2012ರ ಪೋಕ್ಸೊ ಕಾಯ್ದೆಯಡಿ ತಿಳಿದವರು ವರದಿ ಮಾಡಲೇಬೇಕು. ಮಕ್ಕಳ ಸಹಾಯವಾಣಿ 1098.

ಫೋರಮ್‌ನಲ್ಲಿ ಬಂದ ಬೇಡಿಕೆಗಳನ್ನು (ಬಸ್ಸಿನ ಸಮಯ, ದಾರಿ ದೀಪ, ಶೌಚಾಲಯ) ಬರೆದಿಟ್ಟುಕೊಳ್ಳಿ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ಅವನ್ನೇ ಅರ್ಜಿಯಾಗಿ ಕೊಡಬಹುದು. ದೃಶ್ಯದಲ್ಲಿ ಮೂರು ಸಲ ವಾದಿಸಿ ಅಭ್ಯಾಸವಾದ ಮಗು ಅಲ್ಲಿ ಮೈಕ್ ಮುಂದೆ ತಡವರಿಸುವುದು ಕಡಿಮೆ.

---

ತೂಬಿನ ಕಲ್ಲು

ನೀರುಗಂಟಿಯ ವಿಷಯ ಒಪ್ಪಿದೆ. ಪಾತ್ರ ಬದಲಿಸುವುದೇ ಸರಿ. ಚೀಟಿ ಸಾಲದು.

---

ಕೆಂಪು ಶಾಯಿ

ಅಂಕದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ, ನಾನು ಹೇಳುತ್ತೇನೆ. ಅಭಿನಯಕ್ಕೆ ಅಂಕ ಕೊಡಬೇಡಿ. ಕೊಟ್ಟ ದಿನದಿಂದ ಧೈರ್ಯದ ಐದು ಮಕ್ಕಳೇ ಮುಂದೆ, ಉಳಿದವರು ಹಿಂದೆ, ಮೊದಲಿದ್ದ ಜಾಗಕ್ಕೇ ಬರುತ್ತೀರಿ.

ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಲ್ಲಿ (ಕಲಿಕೆಯ ನಡುವೆಯೇ ನಡೆಸುವ ಮೌಲ್ಯಮಾಪನ) ಚಟುವಟಿಕೆಗೆ ಜಾಗ ಇದ್ದೇ ಇದೆ. ಕೆರೆಯ ನಾಟಕದ ನಂತರ ಪ್ರತಿ ಮಗುವೂ ಪಾತ್ರದಲ್ಲಿದ್ದುಕೊಂಡೇ ಒಂದು ಬರಹ ಬರೆಯಲಿ: ‘ಹತ್ತನೇ ಮನೆಯಿಂದ ಗ್ರಾಮ ಪಂಚಾಯಿತಿಗೆ ಅರ್ಜಿ’, ಎಂಟರಿಂದ ಹತ್ತು ವಾಕ್ಯ. 10 ಅಂಕವನ್ನು ಹೀಗೆ ಒಡೆಯಿರಿ: ತೂಬು, ಕೋಡಿ, ಏರಿ, ಅಚ್ಚುಕಟ್ಟು ಇವು ಅರ್ಥಕ್ಕೆ ಸರಿಯಾಗಿ ಬಂದಿದ್ದರೆ 4, ನೀರಿನ ಲೆಕ್ಕ ಸರಿಯಿದ್ದರೆ 3, ಎದುರು ಪಕ್ಷದ ಕಾರಣವನ್ನು ತಿರುಚದೆ ಹೇಳಿದ್ದರೆ 3. ತಾಳಮದ್ದಲೆಯಲ್ಲಿ ಚೀಟಿಗಳೇ ದಾಖಲೆ. ಚೀಟಿಯ ಹಿಂದೆ ಕ್ರಮಸಂಖ್ಯೆ ಬರೆಸಿ, ಹೆಸರು ಬೇಡ. ಹಾಗೆ ಬರೆಸಿದರೆ ಗೆಳೆಯರ ಚೀಟಿಯನ್ನೇ ಮುಂದೆ ದಾಟಿಸುವ ಪಕ್ಷಪಾತವೂ ತಪ್ಪುತ್ತದೆ.

ವಾರ ಕಳೆದ ಮೇಲೆ ಕೆರೆಯ ಖಾಲಿ ಚಿತ್ರ ಕೊಟ್ಟು ಭಾಗಗಳನ್ನು ಗುರುತಿಸಲು ಹೇಳಿ. ಕೋಡಿಯ ಜಾಗದಲ್ಲಿ ತೂಬು ಬರೆದವರು ಎಷ್ಟು ಜನ ಎಂದು ನೋಡಿದರೆ ಮೊದಲ ಪೀರಿಯಡ್ ಎಲ್ಲಿ ಸಡಿಲವಾಯಿತೆಂದು ನಿಮಗೇ ತಿಳಿಯುತ್ತದೆ.

ಮೂರು ಪೀರಿಯಡ್ ಎಲ್ಲಿಂದ ತರುವುದು ಎಂಬ ಚಿಂತೆ ಇದ್ದರೆ, ಎರಡನೆಯದನ್ನು ಗಣಿತದವರಿಂದ ಕೇಳಿ ಪಡೆಯಿರಿ. ಭತ್ತದ ಎಕರೆಯನ್ನು ‘ಯ’ ಎಂದುಕೊಂಡರೆ 3ಯ + (60 − ಯ) = 100, ಯ = 20. ಏಳನೇ ತರಗತಿಯ ಸರಳ ಸಮೀಕರಣ ಅದು. ಪಾಠಯೋಜನೆಯಲ್ಲೂ ‘ನಾಟಕ’ ಎಂದು ಬರೆಯುವುದಕ್ಕಿಂತ ‘ಗುಂಪು ಚಟುವಟಿಕೆ: ನೀರಿನ ಹಂಚಿಕೆ, ಸರಳ ಸಮೀಕರಣ’ ಎಂದು ಬರೆದರೆ ತಪಾಸಣೆಗೆ ಬಂದವರು ‘ವಾರ್ಷಿಕೋತ್ಸವ ಯಾವಾಗ?’ ಎಂದು ಕೇಳುವುದಿಲ್ಲ.